ಗಂಡನ ಕುರ್ಚಿಯಲ್ಲಿ ಆರು ವರ್ಷ

ಅರ್ಡೆಲ್ ಗ್ರುಲ್ಕೆ ಮತ್ತು ನಾನು ರೋರ್ಬೆಕ್ ಶಾಲೆಯ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಅಕ್ಕಪಕ್ಕ ನಿಂತು ದುಡಿದವರು. ಇನ್ನೂರೆಪ್ಪತ್ತು ಮಕ್ಕಳಿಗೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ. ನಾನು ಒಲೆಯ ಕಡೆ, ಅವಳು ಬಡಿಸುವ ಕಡೆ. ಅವಳದು ಮಾತು ಕಡಿಮೆ. ಯಾವ ಮಗು ಮನೆಯಲ್ಲಿ ಏನೂ ತಿನ್ನದೆ ಬಂದಿದೆ ಎಂಬುದನ್ನು ಅದು ತಟ್ಟೆ ಹಿಡಿಯುವ ರೀತಿಯಲ್ಲೇ ತಿಳಿದುಕೊಂಡು, ಮುಖ ನೋಡದೆ ಇನ್ನೊಂದು ಸೌಟು ಹಾಕಿ ಮುಂದಕ್ಕೆ ಕಳಿಸಿಬಿಡುವವಳು.

ಅವಳ ಗಂಡ ನಾರ್ಬರ್ಟ್ ನಮ್ಮ ಶಾಸಕ. ಮಿಶಿಗನ್ ರಾಜ್ಯದ ಕೆಳಮನೆಯಲ್ಲಿ ಹದಿನೆಂಟು ವರ್ಷ ಕೂತವನು. ಸೋಮವಾರ ಲ್ಯಾನ್ಸಿಂಗ್‌ಗೆ ಹೋದರೆ ಗುರುವಾರ ಸಂಜೆ ಮನೆಗೆ. ಶುಕ್ರವಾರ ಚರ್ಚಿನ ಮೀನೂಟ, ಶನಿವಾರ ಯಾರದೋ ಮದುವೆ, ಭಾನುವಾರ ಯಾರದೋ ಹೊಲದ ಬದುವಿನ ತಂಟೆ. ದಪ್ಪ ದನಿಯ, ದೊಡ್ಡ ಕೈಯ, ಎಲ್ಲರ ನಾಯಿಯ ಹೆಸರನ್ನೂ ನೆನಪಿಟ್ಟುಕೊಂಡ ಮನುಷ್ಯ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರು ಅವನನ್ನು ರಾಕ್ಷಸ ಅಂದುಕೊಳ್ಳುತ್ತಾರೆ.

ತೊಂಬತ್ತೆರಡರಲ್ಲಿ ನಮ್ಮ ರಾಜ್ಯದ ಜನ ಒಂದು ಕಾನೂನಿಗೆ ಮತ ಹಾಕಿದರು. ಕೆಳಮನೆಯಲ್ಲಿ ಒಬ್ಬರಿಗೆ ಎರಡೆರಡು ವರ್ಷದ ಮೂರೇ ಅವಧಿ, ಮೇಲ್ಮನೆಯಲ್ಲಿ ನಾಲ್ಕು ವರ್ಷದ ಎರಡೇ ಅವಧಿ. ಅದಾದ ಮೇಲೆ ಆ ಮನೆಯ ಬಾಗಿಲು ಜೀವಮಾನವಿಡೀ ಮುಚ್ಚಿದಂತೆ. ಹಳೆಯ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲವಾದ್ದರಿಂದ ನಾರ್ಬರ್ಟ್‌ಗೆ ಇನ್ನೂ ಆರು ವರ್ಷ ಉಳಿದಿತ್ತು. ಆಗ ಅವನು ನಕ್ಕುಬಿಟ್ಟಿದ್ದ. ತೊಂಬತ್ತೆಂಟು ಬಂದಾಗ ನಗು ಇರಲಿಲ್ಲ.

ಆ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ, ಚರ್ಚು ಮುಗಿದ ಮೇಲೆ, ನಮ್ಮ ಕೌಂಟಿಯ ಪಕ್ಷದ ಅಧ್ಯಕ್ಷ ಹ್ಯಾರೊಲ್ಡ್ ಬುಷಾರ್ಡ್ ಗ್ರುಲ್ಕೆಯವರ ಮನೆಗೆ ಊಟಕ್ಕೆ ಬಂದ. ಅರ್ಡೆಲ್ ಹಂದಿಮಾಂಸ, ಹುಳಿ ಎಲೆಕೋಸು ಮಾಡಿದ್ದಳು. ಊಟವಾದ ಮೇಲೆ ಹ್ಯಾರೊಲ್ಡ್, ಚುನಾವಣೆಗೆ ನಿಲ್ಲುವವರಿಗೆ ಬೇಕಾದ ಮತದಾರರ ಸಹಿ ಸಂಗ್ರಹದ ಹಾಳೆಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟ. ಮೇಲೆ ಅಚ್ಚಾದ ಹೆಸರು: ಅರ್ಡೆಲ್ ಗ್ರುಲ್ಕೆ.

ಮರುದಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಅವಳು ನನಗೆ ಹೇಳಿದ್ದು ಇದು.

"ಅಚ್ಚು ಹಾಕ್ಸಿ ತಂದಿದ್ರು ಕಣೆ ಟ್ರೂಡಿ. ಕೇಳೋಕೆ ಬಂದಿರ್ಲಿಲ್ಲ, ತೋರ್ಸೋಕೆ ಬಂದಿದ್ರು."

"ನೀನೇನಂದೆ?"

"ಯಾರಿಗೆ ಕಾಫಿ ಬೇಕು ಅಂದೆ."

"ಅಷ್ಟೇನಾ?"

"ನಾಲ್ಕೇ ವರ್ಷ ಅಂತೆ. ಎರಡು ಸಾವಿರದ ಎರಡರಲ್ಲಿ ಮೇಲ್ಮನೆ ಸೀಟು ಖಾಲಿಯಾಗುತ್ತೆ, ನಾರ್ಬ್ ಅಲ್ಲಿಗೆ ನಿಲ್ತಾನೆ. ಅಲ್ಲೀವರೆಗೂ ಹೆಸರು ಜನರ ಬಾಯಲ್ಲಿ ಇರ್ಬೇಕಂತೆ. 'ನೀನು ಏನೂ ಮಾಡೋದು ಬೇಡ ಅರ್ಡೆಲ್, ಸುಮ್ನೆ ಇದ್ರೆ ಸಾಕು' ಅಂದ. ಸುಮ್ನಿರೋದ್ರಲ್ಲಿ ನನ್ನಷ್ಟು ಅನುಭವ ಯಾರಿಗಿದೆ ಹೇಳು."

ಆಮೇಲೆ ಚಾಕು ಕೆಳಗಿಟ್ಟು ಇನ್ನೊಂದು ಮಾತು ಹೇಳಿದಳು. ತೊಂಬತ್ತೆರಡರಲ್ಲಿ ಆ ಕಾನೂನಿಗೆ ತಾನೂ ಹೌದು ಅಂತಲೇ ಮತ ಹಾಕಿದ್ದಳಂತೆ. ಶಾಸಕನ ಹೆಂಡತಿ, ಮತಗಟ್ಟೆಯ ಪರದೆ ಹಿಂದೆ ನಿಂತು, ಗಂಡ ಮನೆಗೆ ಬರಲಿ ಅಂತ. ಮಗಳು ಕ್ರಿಸ್ಟಾ ಆಗ ನರ್ಸಿಂಗ್ ಓದಲು ಸ್ಯಾಗಿನಾಗೆ ಹೊರಟುಹೋಗಿದ್ದಳು. ಮನೆಯಲ್ಲಿ ಬಾಯಿ ತೆರೆದು ಮಾತಾಡಲು ರೇಡಿಯೊ ಒಂದೇ ಇತ್ತು.

"ಇದನ್ನ ಯಾರಿಗೂ ಹೇಳ್ಬೇಡ್ವೇ," ಅಂದಳು. ನಾನು ಹೇಳಲಿಲ್ಲ. ಈಗ ಅವಳೇ ಹೇಳು ಅಂದಿದ್ದಾಳೆ, ಹಾಗಾಗಿ ಬರೆಯುತ್ತಿದ್ದೇನೆ.

ಗೆಲ್ಲುವುದು ಕಷ್ಟವಾಗಲಿಲ್ಲ. ನಮ್ಮ ಕಡೆ ಗ್ರುಲ್ಕೆ ಎಂಬ ಹೆಸರು ಇಲ್ಲಿ ಬೆಳೆಯುವ ಬೀಟ್ ಗಡ್ಡೆಯ ಸಕ್ಕರೆ ಚೀಲದ ಮೇಲಿನ ಅಚ್ಚಿನ ಹಾಗೆ, ಜನ ಓದದೆಯೇ ಎತ್ತಿಕೊಳ್ಳುತ್ತಾರೆ. ಪ್ರಚಾರದ ಫೋಟೊದಲ್ಲಿ ಅವಳ ಹಿಂದೆ ಅವನು, ಅವಳ ಹೆಗಲ ಮೇಲೆ ಅವನ ಕೈ. ನಾರ್ಬರ್ಟ್ ಹೋದಲ್ಲೆಲ್ಲ "ಇವಳು ನನಗಿಂತ ಜಾಣೆ, ಅಡುಗೆಯಂತೂ ಕೇಳ್ಬೇಡಿ" ಅಂತಿದ್ದ. ಜನ ನಗುತ್ತಿದ್ದರು. ಅರ್ಡೆಲ್ ಕೂಡ ನಕ್ಕಹಾಗೆ ಮಾಡುತ್ತಿದ್ದಳು.

ತೊಂಬತ್ತೊಂಬತ್ತರ ಜನವರಿಯಲ್ಲಿ ಅವಳು ಪ್ರಮಾಣವಚನ ತೆಗೆದುಕೊಂಡಳು. ಶಾಲೆಯ ಕೆಲಸ ಬಿಟ್ಟಳು. ಲ್ಯಾನ್ಸಿಂಗ್‌ನ ಕಚೇರಿಯಲ್ಲಿ ಅವನದೇ ಹಳೆಯ ಗುಮಾಸ್ತೆ, ಅವನದೇ ಹಳೆಯ ಸಹಾಯಕ. ಬಾಗಿಲ ಫಲಕದಲ್ಲಿ ಮೊದಲ ಹೆಸರಷ್ಟೇ ಬದಲು. ನಾರ್ಬರ್ಟ್ ದಿನವೂ ಅವಳ ಜೊತೆ ಕಾರಿನಲ್ಲಿ ಹೋಗುತ್ತಿದ್ದ; ಸ್ವಯಂಸೇವಕ ಅಂತ ಎದೆಗೆ ಚೀಟಿ ಸಿಕ್ಕಿಸಿಕೊಂಡು ಒಳಗಿನ ಕೋಣೆಯಲ್ಲಿ ಕೂರುತ್ತಿದ್ದ. ಬಂದವರು ಅವಳಿಗೆ ನಮಸ್ಕಾರ ಹೇಳಿ, ಅವಳನ್ನು ದಾಟಿಕೊಂಡು ಅವನ ಹತ್ತಿರ ಹೋಗುತ್ತಿದ್ದರು. ಅವಳ ಮೇಜು ಹೊರಗಿನ ಕೋಣೆಯ ಕಿಟಕಿ ಪಕ್ಕ. "ಒಂದೊಂದ್ಸಲ ನನ್ನನ್ನೇ ಗುಮಾಸ್ತೆ ಅಂದ್ಕೊಂಡು ಕೋಟು ಕೊಡ್ತಾರೆ," ಅಂದಳು ನನಗೆ ಒಂದು ಕ್ರಿಸ್‌ಮಸ್‌ನಲ್ಲಿ. "ನೀನೇನ್ ಮಾಡ್ತೀ?" ಅಂದೆ. "ತಗಲಿ ಹಾಕ್ತೀನಿ. ಒದ್ದೆ ಕೋಟು ಕೈಯಲ್ಲಿ ಹಿಡ್ಕೊಂಡು ಎಷ್ಟೊತ್ತು ನಿಲ್ಲೋದು?"

ಸಭೆಯ ಒಳಗೆ ಮಾತ್ರ ಅವನಿಗೆ ಅವಳ ಪಕ್ಕ ಕೂರಲು ಬಿಡುತ್ತಿರಲಿಲ್ಲ. ಅದಕ್ಕೂ ದಾರಿ ಕಂಡುಕೊಂಡಿದ್ದ. ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಮೊದಲ ಕುರ್ಚಿ ಅವನದು. ಅಲ್ಲಿ ಪ್ರತಿ ಶಾಸಕರ ಮೇಜಿಗೂ ಎರಡು ಗುಂಡಿ. ಹೌದು ಅಂದರೆ ಹಸಿರು, ಇಲ್ಲ ಅಂದರೆ ಕೆಂಪು. ಒತ್ತಿದ ಕೂಡಲೇ ಗೋಡೆಯ ಹಲಗೆಯಲ್ಲಿ ಹೆಸರಿನ ಮುಂದೆ ದೀಪ. ನಾರ್ಬರ್ಟ್ ಕನ್ನಡಕ ಹಾಕಿಕೊಂಡಿದ್ದರೆ ಹಸಿರು. ತೆಗೆದು ಒರೆಸುತ್ತಿದ್ದರೆ ಕೆಂಪು. ಅರ್ಡೆಲ್ ಪ್ರತಿ ಮತದಾನಕ್ಕೂ ಕತ್ತೆತ್ತಿ ನೋಡಬೇಕು. ಅವಳ ಪಕ್ಕದ ಮೇಜಿನವರು ಅದನ್ನು ಕಂಡುಹಿಡಿಯಲು ಎರಡು ವಾರ ಸಾಕಾಯಿತು. ಆಮೇಲೆ ಅವರೂ ಕತ್ತೆತ್ತಿ ನೋಡಿ, "ಅರ್ಡೆಲ್, ಇವತ್ತು ಮೇಲಿನವರ ಕನ್ನಡಕಕ್ಕೆ ಮಂಜು ಹಿಡಿದಿದೆಯೋ ಹೇಗೆ?" ಎಂದು ಚೇಷ್ಟೆ ಮಾಡುತ್ತಿದ್ದರು.

ಬಿಟ್ಟುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ.

"ಬಿಟ್ಟು? ಎಲ್ಲಿಗೆ ಹೋಗ್ಲಿ?" ಅಂದಳು. "ನಾನು ರಾಜೀನಾಮೆ ಕೊಟ್ರೆ ಅವನ ಮಾನ ಹೋಗುತ್ತೆ. ಅವನ ಮಾನ ಹೋದ್ರೆ ನಾನು ಅದೇ ಮನೇಲಿ, ಅದೇ ಮೇಜಿನ ಎದುರು, ಅದೇ ಮುಖ ನೋಡ್ಕೊಂಡು ಊಟ ಮಾಡ್ಬೇಕು. ಲ್ಯಾನ್ಸಿಂಗ್‌ನಲ್ಲಿ ಕಿಟಕಿನಾದ್ರೂ ಇದೆ."

ಎರಡು ಸಾವಿರದಲ್ಲಿ ಎರಡನೇ ಸಲ ಗೆದ್ದಳು. ಮರುವರ್ಷ ಏಪ್ರಿಲ್‌ನಲ್ಲಿ ನಮ್ಮ ಶಾಲೆಯ ಆರನೇ ತರಗತಿಯ ಮಕ್ಕಳನ್ನು ಶಾಸನಸಭೆ ತೋರಿಸಲು ಕರೆದೊಯ್ದರು. ಬುತ್ತಿಯ ಪೆಟ್ಟಿಗೆಗಳ ಜೊತೆಗೆ ನಾನೂ ಬಸ್ಸು ಹತ್ತಿದೆ. ಪ್ರೇಕ್ಷಕರ ಸಾಲಿನಲ್ಲಿ ಮೂವತ್ತೊಂದು ಮಕ್ಕಳು, ಇಬ್ಬರು ಮೇಷ್ಟ್ರು, ನಾನು; ಮುಂದಿನ ಕುರ್ಚಿಯಲ್ಲಿ ನಾರ್ಬರ್ಟ್. "ಏ ಟ್ರೂಡಿ! ಬಾ ಬಾ, ಒಳ್ಳೆ ಜಾಗ," ಅಂತ ಪಕ್ಕಕ್ಕೆ ಕರೆದು ಕೂರಿಸಿಕೊಂಡ.

ಆ ದಿನ ಮತಕ್ಕೆ ಬಂದಿದ್ದು, ಮುನ್ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳ ಬೆಳಗಿನ ತಿಂಡಿಗೆ ರಾಜ್ಯ ಕೊಡುತ್ತಿದ್ದ ನೆರವನ್ನು ನಿಲ್ಲಿಸುವ ಮಸೂದೆ. ನಮಗೆ ಅದು ಗೊತ್ತಿರಲಿಲ್ಲ. ಅರ್ಡೆಲ್‌ಗೆ ಗೊತ್ತಿತ್ತು. ಮೇಲ್ಮನೆಗೆ ಹೋಗಲು ಪಕ್ಷದ ದೊಡ್ಡವರ ಬೆಂಬಲ ಬೇಕಿತ್ತು ನಾರ್ಬರ್ಟ್‌ಗೆ. ಆ ದೊಡ್ಡವರಿಗೆ ಈ ಮಸೂದೆ ಬೇಕಿತ್ತು. ಮತದಾನದ ಗಂಟೆ ಹೊಡೆಯಿತು. ನಾರ್ಬರ್ಟ್ ಕನ್ನಡಕವನ್ನು ಮೂಗಿನ ಮೇಲೆ ಬೆರಳಿನಿಂದ ಒತ್ತಿ ಸರಿಮಾಡಿಕೊಂಡ.

ಅರ್ಡೆಲ್ ಕತ್ತೆತ್ತಿದಳು. ಅವನನ್ನು ನೋಡಿದಳೋ, ಹಿಂದಿನ ಸಾಲಿನಲ್ಲಿ ಕೈಬೀಸುತ್ತಿದ್ದ ಮಕ್ಕಳನ್ನು ನೋಡಿದಳೋ, ನನಗೆ ಗೊತ್ತಾಗಲಿಲ್ಲ. ಹಲಗೆಯ ಮೇಲೆ ಹಸಿರು ದೀಪಗಳು ಸಾಲಾಗಿ ಹತ್ತಿದವು. ಗ್ರುಲ್ಕೆ ಎಂಬಲ್ಲಿ ತುಂಬ ಹೊತ್ತು ಖಾಲಿ. ನಾರ್ಬರ್ಟ್ ಕೆಮ್ಮಿದ. ಕನ್ನಡಕದ ಕಡ್ಡಿಯನ್ನು ಇನ್ನೊಮ್ಮೆ ಮುಟ್ಟಿದ. ಆಮೇಲೆ ಆ ಹೆಸರಿನ ಮುಂದೆ ಕೆಂಪು ಹತ್ತಿತು.

"ತಪ್ಪು ಗುಂಡಿ ಒತ್ತಿದ್ಲು," ಅಂದ ನಾರ್ಬರ್ಟ್, ನನಗೋ ತನಗೋ. "ಬದಲಾಯ್ಸು... ಬದಲಾಯ್ಸು ಮಾರಾಯ್ತಿ, ಟೈಮಿದೆ."

ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಮಸೂದೆ ಅರವತ್ತೊಂದಕ್ಕೆ ನಲವತ್ತಾರರಲ್ಲಿ ಪಾಸಾಯಿತು. ಅವಳ ಒಂದು ಕೆಂಪಿನಿಂದ ಯಾವ ಮಗುವಿಗೂ ಒಂದು ಚಮಚ ಗಂಜಿ ಹೆಚ್ಚು ಸಿಗಲಿಲ್ಲ. ಆದರೆ ಮೆಟ್ಟಿಲ ಮೇಲೆ ಮಕ್ಕಳ ಜೊತೆ ಫೋಟೊಗೆ ನಿಂತಾಗ ಅವಳ ಮುಖ ಬೇರೆಯಾಗಿತ್ತು. ಅವಳ ಕೈ ಹಿಡಿದೆ.

ಮನೆಗೆ ಎರಡು ಗಂಟೆಯ ದಾರಿ. ಅವತ್ತು ನಾರ್ಬರ್ಟ್ ಒಂದು ಮಾತೂ ಆಡದೆ ಕಾರು ಓಡಿಸಿದನಂತೆ. ಹನ್ನೊಂದು ದಿನ ಹಾಗೇ ಕಳೆಯಿತು. ಹನ್ನೆರಡನೇ ದಿನ ತಿಂಡಿಗೆ ಕೂತಾಗ ಅಂಚೆಯ ಒಂದು ಕಟ್ಟನ್ನು ಮೇಜಿನ ಮೇಲೆ ಹಾಕಿದ. ಜನರ ಪತ್ರಗಳು. ತಾಯಂದಿರು, ಮೇಷ್ಟ್ರುಗಳು, ಒಬ್ಬ ಪಾದ್ರಿ. ಎಲ್ಲದರಲ್ಲೂ ಧನ್ಯವಾದ.

"ಅರ್ಡೆಲ್, ನೀನು ಬಂಗಾರ ಕಣೆ," ಅಂದ. ಮುಖ ಅರಳಿತ್ತು. "ನನಗೆ ಹೊಳೆದೇ ಇರ್ಲಿಲ್ಲ. ಮೇಲ್ಮನೆ ಚುನಾವಣೆಗೆ ಇದಕ್ಕಿಂತ ಬೇಕಾ? 'ಗ್ರುಲ್ಕೆ ಮನೆಯವರು ಮಕ್ಕಳ ಪರ.' ಹೇಗಿದೆ?"

ಮುಂದಿನ ತಿಂಗಳು ಕರಪತ್ರ ಬಂತು. ಮೆಟ್ಟಿಲ ಮೇಲಿನ ಅದೇ ಫೋಟೊ, ಮಕ್ಕಳ ನಡುವೆ ಅರ್ಡೆಲ್. ಪಕ್ಕದಲ್ಲಿ, ಇನ್ನೊಂದು ಫೋಟೊದಿಂದ ಕತ್ತರಿಸಿ ಅಂಟಿಸಿದ ನಾರ್ಬರ್ಟ್. ಅವಳು ಅದನ್ನು ನನ್ನ ಮನೆಗೆ ತಂದು ತೋರಿಸಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನಂದು ಅಂತ ಒಂದಿತ್ತು ಟ್ರೂಡಿ," ಅಂದಳು. "ಹನ್ನೊಂದು ದಿನ ಇತ್ತು."

ಎರಡು ಸಾವಿರದ ಎರಡರ ಮೇ ತಿಂಗಳಲ್ಲಿ ನಾಮಪತ್ರದ ಕೊನೆಯ ದಿನ ಬಂತು. ನಾಲ್ಕು ವರ್ಷ ಮುಗಿಯುತ್ತಾ ಬಂದಿತ್ತು. ನಾರ್ಬರ್ಟ್ ಮೇಲ್ಮನೆಗೆ ನಿಂತ. ಅವಳು ಮನೆಯಲ್ಲಿ ಉಳಿಯುವ ಮಾತು. ಆದರೆ ಅವತ್ತು ಬೆಳಗ್ಗೆ ಹ್ಯಾರೊಲ್ಡ್ ಬುಷಾರ್ಡ್ ಮತ್ತೆ ಬಂದ, ಮತ್ತೆ ಹಾಳೆ ತಂದ. "ಅಕಸ್ಮಾತ್ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಅಂತ, ಅಷ್ಟೇ. ನಿಮಗೂ ಇನ್ನೊಂದು ಅವಧಿ ಕಾನೂನಲ್ಲೇ ಇದೆಯಲ್ಲ ಅರ್ಡೆಲ್ ಅವ್ರೇ, ಸುಮ್ನೆ ಯಾಕೆ ವೇಸ್ಟ್ ಮಾಡ್ತೀರಿ?"

"ನೀನು ನಾಲ್ಕೇ ವರ್ಷ ಅಂದಿದ್ದೆ ನಾರ್ಬ್," ಅಂದಳಂತೆ ಗಂಡನ ಕಡೆ ತಿರುಗಿ.

"ಹೌದು, ಅಂದಿದ್ದೆ," ಅಂದ ಅವನು. ಆಮೇಲೆ ಹೆಗಲು ಕುಗ್ಗಿಸಿ, ಅವಳು ಹಿಂದೆಂದೂ ಕೇಳಿರದ ಸಣ್ಣ ದನಿಯಲ್ಲಿ, "ನಾನು ಸೋತ್ರೆ ನಮ್ಮ ಹತ್ರ ಏನೂ ಉಳಿಯಲ್ಲ," ಅಂದ.

ಆ ದನಿಗೆ ಅವಳು ಸಹಿ ಹಾಕಿದಳು. ಗದರಿಸಿದ್ದರೆ ಹಾಕುತ್ತಿರಲಿಲ್ಲವೇನೋ ಅಂತ ಆಮೇಲೆ ನನಗೆ ಹೇಳಿದಳು.

ಆಗಸ್ಟ್‌ನಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲೇ ನಾರ್ಬರ್ಟ್ ಸೋತ. ಮೇಲ್ಮನೆಯ ಕ್ಷೇತ್ರ ದೊಡ್ಡದು. ಆಚೆಯ ಎರಡು ಕೌಂಟಿಗಳಲ್ಲಿ ಗ್ರುಲ್ಕೆ ಅಂದರೆ ಯಾರಿಗೂ ಏನೂ ಅಲ್ಲ. ಅರ್ಡೆಲ್ ನವೆಂಬರ್‌ನಲ್ಲಿ ಮೂರನೇ ಸಲ ಗೆದ್ದಳು. ಗೆದ್ದ ದಿನ ಮನೆಯ ತುಂಬ ಜನ. ಅವಳು ಕೇಕು ಕತ್ತರಿಸಿ ಹಂಚುತ್ತಿದ್ದಳು. ಅವನು ಕೋಣೆಯ ಮೂಲೆಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದ.

ಆ ಕೊನೆಯ ಎರಡು ವರ್ಷ ಅವನು ಪ್ರೇಕ್ಷಕರ ಸಾಲಿಗೆ ಬರುವುದು ಕಡಿಮೆಯಾಯಿತು. ಬಂದರೂ ಕೆಲವೊಮ್ಮೆ ತೂಕಡಿಸುತ್ತಿದ್ದ. ಅವಳೇ ಮಸೂದೆ ಓದಿ, ಅವಳೇ ಗುಂಡಿ ಒತ್ತುತ್ತಿದ್ದಳು. ಸ್ವಾತಂತ್ರ್ಯ ಸಿಕ್ಕಿತಲ್ಲ ಅಂದೆ ನಾನು. "ಎಲ್ಲಿ? ಕತ್ತು ಈಗ್ಲೂ ತಾನಾಗೇ ಮೇಲೆ ಹೋಗುತ್ತೆ," ಅಂದಳು. ಸಭೆಯ ಹಿರಿಯರ ಪೈಕಿ ಅವಳೂ ಒಬ್ಬಳಾಗಿಬಿಟ್ಟಿದ್ದಳು. ಮೂರನೇ ಅವಧಿ ಅಂದರೆ ಅಲ್ಲಿ ಅಜ್ಜಿ ಇದ್ದಂತೆ. ಹೊಸ ಹುಡುಗರು ಬಂದು ನಿಯಮ ಕೇಳುತ್ತಿದ್ದರು. ಬಜೆಟ್ಟಿನ ಯಾವ ಪುಟದಲ್ಲಿ ಏನು ಅಡಗಿದೆ ಎಂದು ತಿಳಿಯುವಷ್ಟರಲ್ಲಿ ಅವಳ ಕಾಲವೂ ಮುಗಿಯುತ್ತಾ ಬಂದಿತ್ತು. ಅದರ ಬಗ್ಗೆ ಅವಳಿಗೆ ಸ್ವಲ್ಪ ಬೇಸರವೂ ಇತ್ತು ಎಂದರೆ ನಂಬುತ್ತೀರಾ? ನನಗೂ ಆಶ್ಚರ್ಯವಾಯಿತು. ಆದರೆ ಡಿಸೆಂಬರ್ ಕೊನೆಯ ದಿನದ ನಂತರ ಯಾರೂ, ಯಾವ ಹಾಳೆ ತಂದರೂ, ಅವಳನ್ನು ಆ ಕುರ್ಚಿಯಲ್ಲಿ ಕೂರಿಸುವಂತಿಲ್ಲ. ಅದೊಂದನ್ನು ನೆನೆದು ದಿನ ಎಣಿಸುತ್ತಿದ್ದಳು.

ಎರಡು ಸಾವಿರದ ನಾಲ್ಕರ ಈಸ್ಟರ್‌ಗೆ ಕ್ರಿಸ್ಟಾ ಮನೆಗೆ ಬಂದಳು. ಮೂವತ್ತು ದಾಟಿದ್ದಳು, ಸ್ಯಾಗಿನಾದಲ್ಲಿ ಮಕ್ಕಳ ವಾರ್ಡಿನಲ್ಲಿ ನರ್ಸು. ಕಾರಿನಿಂದ ನಾಲ್ಕು ದೊಡ್ಡ ಪೆಟ್ಟಿಗೆ ಇಳಿಸಿದಳು.

"ಇದೇನೇ ಇಷ್ಟೊಂದು?" ಅಂದಳು ಅರ್ಡೆಲ್.

"ಅಪ್ಪ ನಿನಗೆ ಹೇಳಿಲ್ವಾ ಅಮ್ಮ? ವಿಳಾಸ ಇಲ್ಲಿಗೆ ಬದಲಾಯಿಸ್ಬೇಕಂತೆ. ಕ್ಷೇತ್ರದಲ್ಲಿ ವಾಸ ಇರ್ಬೇಕಲ್ಲ."

ಅರ್ಡೆಲ್ ಪೆಟ್ಟಿಗೆ ನೋಡಿದಳು, ಗಂಡನನ್ನು ನೋಡಿದಳು. ನಾರ್ಬರ್ಟ್ ಕಣ್ಣು ತಪ್ಪಿಸಿ ಹ್ಯಾಮ್ ಕತ್ತರಿಸುತ್ತಿದ್ದ. ಎರಡು ವಾರದ ನಂತರ ಚರ್ಚಿನ ಸಭಾಂಗಣದಲ್ಲಿ ಪಕ್ಷದ ವಸಂತದ ಔತಣ. ಅಲ್ಲಿ ಆ ಸೀಟಿಗೆ ಮುಂದಿನ ಅಭ್ಯರ್ಥಿ ಎಂದು ಕ್ರಿಸ್ಟಾಳ ಹೆಸರನ್ನು ಅರ್ಡೆಲ್ ಘೋಷಿಸಬೇಕೆಂದು ಅವನೂ ಹ್ಯಾರೊಲ್ಡೂ ಮಾತಾಡಿಕೊಂಡು ಆಗಿತ್ತು. ಭಾಷಣ ಟೈಪಾಗಿತ್ತು.

ಆ ಔತಣಕ್ಕೆ ಅಡುಗೆ ಮಾಡಿದವರಲ್ಲಿ ನಾನೂ ಒಬ್ಬಳು. ಇನ್ನೂರು ಜನ, ಬಿಳಿ ಬೀನ್ಸಿನ ಸೂಪು, ಕೋಳಿ, ಸೇಬಿನ ಪೈ. ಮುಂದಿನ ಮೇಜಿನಲ್ಲಿ ನೀಲಿ ಕೋಟು ಹಾಕಿದ ಕ್ರಿಸ್ಟಾ. ಅರ್ಡೆಲ್ ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದಳು. ಮೊದಲ ಎರಡು ಸಾಲು ಓದಿದಳು, ಊರಿನವರಿಗೆ ವಂದನೆ, ಆರು ವರ್ಷದ ನೆನಪು ಅಂತ ಏನೋ. ನಿಂತಳು. ಹಾಳೆಯನ್ನು ಮಡಚಿದಳು.

"ಇದ್ರಲ್ಲಿ ಮುಂದೆ ನನ್ನ ಮಗಳ ಹೆಸರಿದೆ," ಅಂದಳು. "ಅದನ್ನ ನಾನು ಓದಲ್ಲ. ಈ ಸಲ ಗ್ರುಲ್ಕೆ ಅಂತ ಯಾರೂ ನಿಲ್ಲಲ್ಲ. ಇನ್ನೂರು ಜನ ಇದ್ದೀರಿ, ಯಾರಾದ್ರೂ ನಿಂತ್ಕೊಳ್ಳಿ. ಕೆಲಸ ಕಷ್ಟ ಇಲ್ಲ, ಓದೋಕೆ ಬಂದ್ರೆ ಸಾಕು. ಯಾರದ್ದಾದ್ರೂ ಕನ್ನಡಕ ನೋಡ್ಕೊಂಡು ಕೂರೋದು ಮಾತ್ರ ಬಹಳ ಕಷ್ಟ."

ಯಾರೋ ನಕ್ಕರು. ನಗು ಅಲ್ಲೇ ನಿಂತಿತು. ನಾರ್ಬರ್ಟ್ ಎದ್ದು ನಿಂತಿದ್ದ. ದೊಡ್ಡ ಕೈಗಳು ಮೇಜಿನ ಬಟ್ಟೆಯನ್ನು ಹಿಡಿದಿದ್ದವು. ಅರ್ಡೆಲ್ ಕೆಳಗಿಳಿದು ನೇರ ನಮ್ಮ ಅಡುಗೆಮನೆಗೆ ಬಂದಳು.

ಅವಳ ಹಿಂದೆಯೇ ಕ್ರಿಸ್ಟಾ. ಖುಷಿಯಾಗಿರುತ್ತಾಳೆ, ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳ ಕಣ್ಣು ಕೆಂಪಾಗಿತ್ತು.

"ಅಮ್ಮ, ನೀನು ನನ್ನನ್ನ ಕೇಳಿದ್ಯಾ?"

"ನಿನ್ನ ಒಳ್ಳೇದಕ್ಕೇ ಕಣೆ..."

"ಕೇಳಿದ್ಯಾ ಅಂದೆ. ಅಪ್ಪ ಕೇಳ್ದೆ ನಿಲ್ಲಿಸ್ದ, ನೀನು ಕೇಳ್ದೆ ಇಳಿಸ್ದೆ. ನಂಗೆ ಇಷ್ಟ ಇರ್ಲಿಲ್ಲ, ಸರಿ. ಅದನ್ನ ನಾನೇ ಹೇಳ್ತಿದ್ದೆ. ನಾಳೆ ಬೆಳಗ್ಗೆ ಹೇಳೋಣ ಅಂತಿದ್ದೆ. ಈಗ ಇನ್ನೂರು ಜನರ ಎದುರು ನಾನು ಅಮ್ಮನ ಸೆರಗು ಹಿಡ್ಕೊಂಡಿರೋ ಮಗು ಆಗ್ಬಿಟ್ಟೆ."

ಅರ್ಡೆಲ್ ಸೂಪಿನ ಪಾತ್ರೆಗೆ ಮುಚ್ಚಳ ಹುಡುಕಿದಳು. ಮುಚ್ಚಳ ಅವಳ ಎದುರೇ ಇತ್ತು. ಕ್ರಿಸ್ಟಾ ಹಿಂಬಾಗಿಲಿಂದ ಹೊರಟುಹೋದಳು. ಮರುದಿನ ನಾಲ್ಕೂ ಪೆಟ್ಟಿಗೆ ಕಾರಿಗೆ ಹಿಂತಿರುಗಿದವು. ಅವಳು ಮತ್ತೆ ಫೋನು ಎತ್ತಲು ನವೆಂಬರ್ ಬರಬೇಕಾಯಿತು.

ಆ ಸೀಟು ಪಕ್ಕದ ಊರಿನ ವಿಮೆ ಏಜೆಂಟನೊಬ್ಬನಿಗೆ ಹೋಯಿತು. ಹೊಸ ವರ್ಷದ ಹೊತ್ತಿಗೆ ಅರ್ಡೆಲ್ ಮನೆಗೆ ಬಂದಳು. ಶಾಲೆಯಲ್ಲಿ ಅವಳಿಗೆ ಕೆಲಸ ಉಳಿದಿರಲಿಲ್ಲ. ತಿಂಡಿ ನಿಂತ ಮೇಲೆ ಊಟವೂ ಹೊರಗಿನಿಂದ ಲಾರಿಯಲ್ಲಿ ಬರುತ್ತಿತ್ತು, ಬಿಸಿ ಮಾಡಲು ಒಬ್ಬಳು ಸಾಕು. ನಾರ್ಬರ್ಟ್ ಅವಳೊಡನೆ ಜಗಳವಾಡಲಿಲ್ಲ. ಹವಾಮಾನದ ಬಗ್ಗೆ ಮಾತಾಡುತ್ತಿದ್ದ, ಔತಣದ ಬಗ್ಗೆ ಎಂದೂ ಇಲ್ಲ. ಇಬ್ಬರೂ ಬೆಳಗ್ಗೆ ಒಂದೇ ಮೇಜಿನ ಎರಡು ತುದಿಯಲ್ಲಿ ಒಂದೇ ಪತ್ರಿಕೆಯ ಎರಡು ಭಾಗ ಓದುತ್ತಿದ್ದರು. ಮೂರು ವರ್ಷ ಹಾಗೆ. ಆ ಮನೆಗೆ ಹೋದರೆ ನಾನು ಕಾಫಿ ಮುಗಿಸಿ ಬೇಗ ಎದ್ದುಬಿಡುತ್ತಿದ್ದೆ.

ಎರಡು ಸಾವಿರದ ಎಂಟರ ವಸಂತದಲ್ಲಿ ನಾರ್ಬರ್ಟ್ ಇನ್ನೊಂದು ಹಾಳೆ ತಂದು ಮೇಜಿನ ಮೇಲಿಟ್ಟ. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಅರ್ಡೆಲ್ ಕಪ್ಪು ಕೆಳಗಿಟ್ಟು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

"ಹೆದರ್ಬೇಡ್ವೇ, ನನ್ನ ಹೆಸರೇ," ಅಂದ ಅವನು. "ಕೌಂಟಿಯ ಕಾಲುವೆ ಕಮಿಷನರ್. ಚರಂಡಿ, ಕಾಲುವೆ, ಹೊಲದ ನೀರು. ಅದಕ್ಕೂ ಚುನಾವಣೆನೇ. ಮತ್ತೆ ಗೊತ್ತಾ ಟ್ರೂಡಿ, ಅದಕ್ಕೆ ಅವಧಿ ಮಿತಿ ಅನ್ನೋದೇ ಇಲ್ಲ. ಸಾಯೋವರೆಗೂ ನಿಲ್ಲಬಹುದು!"

ಮತ್ತೆ ಆ ದಪ್ಪ ದನಿ ಬಂದಿತ್ತು. ಅರ್ಡೆಲ್ ಹಾಳೆಯನ್ನು ತನ್ನ ಕಡೆ ತಿರುಗಿಸಿ ಮೇಲಿನಿಂದ ಕೆಳಗೆ ಪೂರ್ತಿ ಓದಿದಳು. ಬೆಂಬಲಿಸುವ ಮತದಾರರ ಪಟ್ಟಿಯಲ್ಲಿ, ನಾಲ್ಕನೇ ಸಾಲಿನಲ್ಲಿ ಸಹಿ ಹಾಕಿದಳು.

"ಸಹಿ ಹಾಕಿದೀನಿ. ಮೆರವಣಿಗೆಗೆ ಬರಲ್ಲ."

"ಬೇಡ ಬಿಡು."

"ಫೋಟೊಗೂ ಬರಲ್ಲ."

"ಒಂದೇ ಒಂದು, ಮನೆ ಮುಂದೆ..."

"ಇಲ್ಲ ನಾರ್ಬ್."

ಅವನು ಗೆದ್ದ. ಈಗಲೂ ರಬ್ಬರ್ ಬೂಟು ಹಾಕಿಕೊಂಡು ಜನರ ಹೊಲದಲ್ಲಿ ನಿಂತು ನೀರಿನ ಜಗಳ ಬಿಡಿಸುತ್ತಾನೆ, ಚೆನ್ನಾಗಿಯೇ ಬಿಡಿಸುತ್ತಾನೆ. ಅದೇ ಶರತ್ಕಾಲದಲ್ಲಿ ಅರ್ಡೆಲ್ ಸಕ್ಕರೆ ಕಾರ್ಖಾನೆಗೆ ಹೋಗುವ ಬೀಟ್ ಗಡ್ಡೆ ತೂಗುವ ಕಟ್ಟೆಯಲ್ಲಿ ಕೆಲಸಕ್ಕೆ ಸೇರಿದಳು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಹೊಲಗಳಿಂದ ಲಾರಿಗಳು ಸಾಲಾಗಿ ಬಂದು ನಿಲ್ಲುವ ಜಾಗ. ಅವಳಿಗೊಂದು ಗಾಜಿನ ಗೂಡು, ಅದರೊಳಗೆ ಒಂದು ಸಣ್ಣ ಹೀಟರು. ಎರಡನೇ ಕುರ್ಚಿ ಹಿಡಿಸುವಷ್ಟು ಜಾಗವಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಹೇಗೆ ಕೂರುತ್ತೀಯೇ ಎಂದು ಕೇಳಿದೆ. ಇಕ್ಕಟ್ಟು ಅನ್ನುವುದೇ ಗೊತ್ತಾಗುವುದಿಲ್ಲ ಅಂದಳು.

ಕ್ರಿಸ್ಟಾ ಕಳೆದ ಅಕ್ಟೋಬರ್‌ನಲ್ಲಿ ಅಲ್ಲಿಗೇ ಬಂದಿದ್ದಳು. ಗೂಡಿನ ಹೊರಗೆ ನಿಂತು, ಕಿಟಕಿಯ ಮೂಲಕ, ಲಾರಿಗಳ ನಡುವಿನ ಬಿಡುವಿನಲ್ಲಿ ಅಮ್ಮ ಮಗಳು ಒಂದು ತಾಸು ಮಾತಾಡಿದರಂತೆ. ಏನು ಮಾತಾಡಿದರೋ ಅರ್ಡೆಲ್ ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೆಲವು ರೈತರು ಮಾತ್ರ ಇನ್ನೂ ಲಾರಿಯ ಕಿಟಕಿ ಇಳಿಸಿ, "ಶಾಸಕಿಯವ್ರೇ, ನಮ್ಮ ಕಡೆ ಸೇತುವೆ..." ಅಂತ ಶುರುಮಾಡುತ್ತಾರೆ.

"ಈಗಿನವರ ಹೆಸರು ಬರ್ಕೊಡ್ತೀನಿ, ಅವರನ್ನ ಕೇಳಿ," ಅಂತಾಳೆ ಅವಳು. "ಗಾಡಿ ಮುಂದೆ ತಗೊಳ್ಳಿ, ಹಿಂದೆ ಹನ್ನೊಂದು ನಿಂತಿವೆ."